ಬೆಳಗಿನ ಕಾರ್ಟಿಸಾಲ್ 19.8: ಇದು ಜಾಸ್ತಿಯಾ ಡಾಕ್ಟರ್?

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನಗೆ 41 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಎರಡು ವರ್ಷದಿಂದ ಅಮ್ಮ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವಳು ನಾನೊಬ್ಬಳೇ. ಆಫೀಸಿನಲ್ಲಿ ಮೇಲಧಿಕಾರಿ ಯಾವ ಹೊತ್ತಿಗೆ ಬೇಕಾದರೂ ಮೀಟಿಂಗ್ ಕರೆದು ಎಲ್ಲರ ಮುಂದೆ ಲೆಕ್ಕ ಕೇಳುತ್ತಾರೆ. ಈ ಎರಡು ವರ್ಷದಲ್ಲಿ ತೂಕ 6 ಕಿಲೋ ಏರಿದೆ, ಅದೂ ಹೊಟ್ಟೆಯ ಸುತ್ತಲೇ. ಮುಖವೂ ಊದಿಕೊಂಡ ಹಾಗೆ ಕಾಣುತ್ತದೆ. ರಾತ್ರಿ 3 ಗಂಟೆಗೆ ಅಲಾರಂ ಇಟ್ಟ ಹಾಗೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಹತ್ತುವುದಿಲ್ಲ. ಮೊಬೈಲಿನಲ್ಲಿ ನೋಡಿದರೆ ಇದೆಲ್ಲ ಕಾರ್ಟಿಸಾಲ್ ಜಾಸ್ತಿಯಾದ ಲಕ್ಷಣ ಅಂತಾರೆ. ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿದೆ. ಬೆಳಿಗ್ಗೆ 8.30ಕ್ಕೆ 19.8 ಬಂತು. ರಿಪೋರ್ಟಿನಲ್ಲಿ 5ರಿಂದ 25 ನಾರ್ಮಲ್ ಎಂದಿದೆ. ಆದರೆ ನನ್ನದು ಮೇಲಿನ ಅಂಚಿಗೆ ಹತ್ತಿರ ಇದೆಯಲ್ಲ? ಐದು ವಾರದಿಂದ ಬೆಳಿಗ್ಗೆ 4.30ಕ್ಕೆ ಎದ್ದು ಜೋರು ವ್ಯಾಯಾಮ ಮಾಡುತ್ತಿದ್ದೇನೆ. ರಾತ್ರಿ ಊಟ ಬಿಟ್ಟಿದ್ದೇನೆ, ಕಾಫಿ ಬಿಟ್ಟಿದ್ದೇನೆ, ಅಶ್ವಗಂಧ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಮೊದಲಿಗಿಂತ ಸುಸ್ತು ಜಾಸ್ತಿ. ಮುಟ್ಟು ಸರಿಯಾಗಲೆಂದು ವೈದ್ಯರು ಕೊಟ್ಟ ಹಾರ್ಮೋನ್ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಕಾರ್ಟಿಸಾಲ್ ಇಳಿಸುವುದು ಹೇಗೆ? ಕಾಫಿ ಜನ್ಮಪೂರ್ತಿ ಬಿಡಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು 19.8. ಎರಡನೇ ಸಲ ಕಣ್ಣಿಗೆ ಬಿದ್ದದ್ದು, ಕೊನೆಯಲ್ಲಿ ನೀವು ಸುಮ್ನೆ ಹೇಳಿಬಿಟ್ಟ ಒಂದು ಮಾತು: ಮುಟ್ಟಿಗೆ ತೆಗೆದುಕೊಳ್ಳುವ ಹಾರ್ಮೋನ್ ಮಾತ್ರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಭಯ ಇದು ಎಂದುಕೊಂಡಿದ್ದೇನೆ. ಟೆನ್ಷನ್‌ನಿಂದ ಮೈಯಲ್ಲಿ ಒಂದು ಕೆಟ್ಟ ಹಾರ್ಮೋನ್ ತುಂಬಿಕೊಂಡಿದೆ. ಅದೇ ಹೊಟ್ಟೆ ಬೆಳೆಸುತ್ತಿದೆ, ಅದೇ ನಿದ್ದೆ ಕೆಡಿಸುತ್ತಿದೆ, ಹೇಗಾದರೂ ಮಾಡಿ ಅದನ್ನು ಖಾಲಿ ಮಾಡಬೇಕು. ಹೌದಲ್ವಾ? ಇದರಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ತಪ್ಪು ಇದೆ. ಆ ತಪ್ಪಿನ ಬೆನ್ನು ಹತ್ತಿ ಈ ಐದು ವಾರ ನೀವು ಮಾಡಿದ್ದರಲ್ಲಿ ಒಂದೆರಡು ಕಾರ್ಟಿಸಾಲನ್ನು ಏರಿಸುವಂಥವೇ. ಸುಸ್ತು ಜಾಸ್ತಿಯಾದದ್ದು ನನಗೇನೂ ಆಶ್ಚರ್ಯವಲ್ಲ.

ಬೆಳಿಗ್ಗೆ ಅದು ಏರಲೇಬೇಕು

ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಪುಟ್ಟ ಗ್ರಂಥಿಗಳಿವೆ. ಅಡ್ರಿನಲ್ ಗ್ರಂಥಿ ಎನ್ನುತ್ತೇವೆ. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ, ಅಷ್ಟೇ. ಇದರ ಒಳಗಿನ ತಿರುಳಿನಿಂದ ಬರುವುದು ಅಡ್ರಿನಲಿನ್. ಹೊರಗಿನ ಪದರದಿಂದ ಬರುವುದು ಕಾರ್ಟಿಸಾಲ್. ಜನ ಎರಡನ್ನೂ ಕಲಸಿ 'ಸ್ಟ್ರೆಸ್ ಹಾರ್ಮೋನ್' ಅಂದುಬಿಡುತ್ತಾರೆ. ಆದರೆ ಇವೆರಡರ ವೇಗವೇ ಬೇರೆ. ರಸ್ತೆ ದಾಟುವಾಗ ಪಕ್ಕದಲ್ಲೇ ಹಾರ್ನ್ ಹೊಡೆದರೆ ಎದೆ ಧಸಕ್ಕೆನ್ನುತ್ತದಲ್ಲ, ಅದು ಅಡ್ರಿನಲಿನ್. ಸೆಕೆಂಡುಗಳಲ್ಲಿ ಬರುತ್ತದೆ, ನಿಮಿಷಗಳಲ್ಲಿ ಹೋಗುತ್ತದೆ. ಕಾರ್ಟಿಸಾಲ್ ನಿಧಾನಿ. ಮಿದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿ ಅಡ್ರಿನಲ್‌ಗೆ ಹೇಳಬೇಕು, ಆಮೇಲೆ ಹಾರ್ಮೋನ್ ತಯಾರಾಗಬೇಕು. ತಾಪತ್ರಯ ಶುರುವಾದ 20ರಿಂದ 30 ನಿಮಿಷಕ್ಕೆ ಅದು ತುದಿ ಮುಟ್ಟುತ್ತದೆ. ಇಳಿಯುವುದಕ್ಕೂ ಒಂದೆರಡು ಗಂಟೆ ಬೇಕು.

ಕಾರ್ಟಿಸಾಲಿನ ಕೆಲಸ ಹೆದರಿಸುವುದಲ್ಲ, ಒದಗಿಸುವುದು. ಯಕೃತ್ತಿನಿಂದ ಸಕ್ಕರೆ ಬಿಡಿಸಿ ರಕ್ತಕ್ಕೆ ಕೊಡುತ್ತದೆ. ಬಿಪಿ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಉರಿಯೂತಕ್ಕೆ ಕಡಿವಾಣ ಹಾಕುತ್ತದೆ. ಸಂಧಿವಾತದಿಂದ ನರಳುತ್ತಿದ್ದವರಿಗೆ 1948ರಲ್ಲಿ ಇದೇ ಬಳಗದ ಕಾರ್ಟಿಸೋನ್ ಕೊಟ್ಟಾಗ ಅವರು ಎದ್ದು ಓಡಾಡಿದರು. ಆ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಂತು. ಇನ್ನೊಂದು ತುದಿಯನ್ನೂ ನೋಡಿ. ಅಡ್ರಿನಲ್ ಗ್ರಂಥಿ ಹಾಳಾಗಿ ಕಾರ್ಟಿಸಾಲ್ ನಿಂತುಹೋಗುವ ಕಾಯಿಲೆಯನ್ನು ಥಾಮಸ್ ಅಡಿಸನ್ 1855ರಲ್ಲೇ ವಿವರಿಸಿದ್ದ. ಅಂಥ ರೋಗಿಗಳು ಔಷಧಿ ಇಲ್ಲದೆ ಬದುಕುವುದಿಲ್ಲ. ಹಾಗಾಗಿ ಕಾರ್ಟಿಸಾಲ್ ಖಾಲಿ ಮಾಡಬೇಕು ಎನ್ನುವವರ ಮಾತು ಕೇಳಿದರೆ ನನಗೆ ಕೊಂಚ ಗಾಬರಿಯಾಗುತ್ತದೆ.

ಈಗ ನಿಮ್ಮ 19.8. ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ. ರಾತ್ರಿಯ ಎರಡನೇ ಅರ್ಧದಲ್ಲಿ ಏರುವುದಕ್ಕೆ ಶುರು. ಎದ್ದ ಮೇಲೆ 30ರಿಂದ 45 ನಿಮಿಷದೊಳಗೆ ಇನ್ನೊಂದು ನೆಗೆತ. ಆಮೇಲೆ ಸಂಜೆಯವರೆಗೆ ಇಳಿಜಾರು. ಬೆಳಿಗ್ಗೆ 8ಕ್ಕೆ ಇದ್ದದ್ದು ಸಂಜೆ 4ಕ್ಕೆ ಹೆಚ್ಚುಕಡಿಮೆ ಅರ್ಧಕ್ಕೆ ಬರುವುದು ಮಾಮೂಲು. ನೀವು ರಕ್ತ ಕೊಟ್ಟದ್ದು ದಿನದ ಗುಡ್ಡದ ತುದಿಯಲ್ಲಿ. ಆ ಹೊತ್ತಿಗೆ 19.8 ಬಂದರೆ, ನಿಮ್ಮ ಗ್ರಂಥಿ ಬೆಳಗಿನ ಹಾಜರಿ ಹಾಕಿದೆ ಎಂದು ಅರ್ಥ. ಬೆಳಗಿನ ಒಂದೇ ಒಂದು ಸಂಖ್ಯೆ ಇಟ್ಟುಕೊಂಡು 'ಜಾಸ್ತಿ' ಎಂದು ಹೇಳುವ ಹಾರ್ಮೋನ್ ವೈದ್ಯರು ಯಾರೂ ಇಲ್ಲ. ಬೆಳಗಿನ ಪರೀಕ್ಷೆ ನಮಗೆ ಬೇಕಾಗುವುದು ಮುಖ್ಯವಾಗಿ ಕಾರ್ಟಿಸಾಲ್ ಕಡಿಮೆ ಇದೆಯಾ ಎಂದು ತಿಳಿಯುವುದಕ್ಕೆ. ಜಾಸ್ತಿ ಇದೆಯಾ ಎಂದು ನೋಡಬೇಕಾದರೆ, ಅದು ಇಳಿದಿರಬೇಕಾದ ಹೊತ್ತಿನಲ್ಲಿ, ಅಂದರೆ ರಾತ್ರಿ ನೋಡಬೇಕು.

ಇನ್ನು ಆ ಮಾತ್ರೆ. ರಕ್ತದಲ್ಲಿರುವ ಕಾರ್ಟಿಸಾಲಿನಲ್ಲಿ ಸುಮಾರು ಶೇಕಡ 90ಕ್ಕೂ ಹೆಚ್ಚು ಪ್ರೋಟೀನುಗಳ ಬೆನ್ನೇರಿ ಸುತ್ತುತ್ತಿರುತ್ತದೆ. ಬೆನ್ನಿಂದ ಇಳಿದು ಬಿಡುವಾಗಿರುವ ಚೂರು ಮಾತ್ರ ಕೆಲಸ ಮಾಡುತ್ತದೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಇರುವ ಮಾತ್ರೆಗಳು ಈ ಹೊರುವ ಪ್ರೋಟೀನನ್ನು ಹೆಚ್ಚಿಸುತ್ತವೆ. ಆಗ ಲ್ಯಾಬಿನ ಯಂತ್ರ ಒಟ್ಟು ಲೆಕ್ಕ ಹಾಕಿ ದೊಡ್ಡ ಸಂಖ್ಯೆ ಕೊಡುತ್ತದೆ. ಮೈಗೆ ಸಿಗುವ ಕಾರ್ಟಿಸಾಲ್ ಮಾತ್ರ ಮೊದಲಿನಷ್ಟೇ. ಬಸ್ಸಿನಲ್ಲಿ ಸೀಟು ಹೆಚ್ಚಿಸಿದ ಹಾಗೆ: ಕೂತವರ ಎಣಿಕೆ ಜಾಸ್ತಿ, ಬಾಗಿಲಲ್ಲಿ ಇಳಿಯುವವರು ಅಷ್ಟೇ. ನಿಮ್ಮ ಮಾತ್ರೆಯಲ್ಲಿ ಈಸ್ಟ್ರೋಜೆನ್ ಇದ್ದರೆ 19.8ಕ್ಕೆ ಇನ್ನೂ ಕಡಿಮೆ ಬೆಲೆ ಕೊಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರಿಗೂ ಕೆಲವು ಯಂತ್ರಗಳಲ್ಲಿ ಇಂಥದೇ ಎಡವಟ್ಟಾಗುತ್ತದೆ. ರಕ್ತ ಕೊಡುವ ಮೊದಲು ಏನೇನು ನುಂಗುತ್ತಿದ್ದೀರಿ ಎಂದು ಲ್ಯಾಬಿನವರು ಕೇಳಬೇಕು. ಅವರು ಕೇಳದಿದ್ದರೆ ನೀವೇ ಹೇಳಬೇಕು.

ನಿಜವಾಗಿ ಜಾಸ್ತಿಯಾದರೆ ಹೇಗಿರುತ್ತದೆ

ಕಾರ್ಟಿಸಾಲ್ ಮಿತಿಮೀರುವ ಕಾಯಿಲೆ ಇದ್ದೇ ಇದೆ. ಕುಶಿಂಗ್ ಸಿಂಡ್ರೋಮ್ ಅದರ ಹೆಸರು. ಪಿಟ್ಯುಟರಿಯಲ್ಲೋ ಅಡ್ರಿನಲ್‌ನಲ್ಲೋ ಗಡ್ಡೆಯಾಗಿ ಬರುವ ಬಗೆ ತೀರಾ ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ. ಅದರಲ್ಲೂ ಹೊಟ್ಟೆ ಬರುತ್ತದೆ, ಮುಖ ದುಂಡಗಾಗುತ್ತದೆ, ನಿಜ. ಆದರೆ ಹೊಟ್ಟೆ ಮತ್ತು ಮುಖ ನೋಡಿ ನಾವು ಅದನ್ನು ಗುರುತಿಸುವುದಿಲ್ಲ. ಯಾಕೆಂದರೆ ತೂಕ ಏರಿದ ಯಾರಿಗೇ ಆದರೂ ಅವೆರಡು ಇರುತ್ತವೆ. ನಾವು ನೋಡುವುದು ಬೇರೆ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಬಣ್ಣದ ಗೆರೆಗಳು. ಎಲ್ಲಿ ತಾಗಿತೆಂದೇ ಗೊತ್ತಿಲ್ಲದೆ ಕಪ್ಪುಗಟ್ಟುವ ಚರ್ಮ. ಕೂತಲ್ಲಿಂದ ಕೈ ಊರದೆ ಏಳಲಾಗದಷ್ಟು ತೊಡೆ ಸೋಲುವುದು. ಹೊಸದಾಗಿ ಬಂದ ಬಿಪಿ, ಶುಗರ್. ಹೊಟ್ಟೆ ದಪ್ಪ, ಕೈಕಾಲು ಸಣ್ಣ. ನಿಮ್ಮ ಪತ್ರದಲ್ಲಿ ಇವು ಯಾವುದೂ ಇಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ನೋಡಿ. ಬೆಳಿಗ್ಗೆ 4.30ಕ್ಕೆ ಜೋರು ವ್ಯಾಯಾಮ ಮಾಡುವವರಿಗೆ ಅದು ಕಷ್ಟವಾಗಲಾರದು.

ಕುಶಿಂಗ್ ಲಕ್ಷಣಗಳು ಜಾಸ್ತಿ ಜನರಲ್ಲಿ ಕಾಣುವುದು ಗಡ್ಡೆಯಿಂದಲ್ಲ, ಹೊರಗಿನಿಂದ ಬಂದ, ಕಾರ್ಟಿಸಾಲಿನ ಹಾಗೆಯೇ ಕೆಲಸ ಮಾಡುವ ಔಷಧಿಯಾದ ಸ್ಟೀರಾಯ್ಡ್‌ನಿಂದ. ಇದನ್ನು ನಾನು ಪದೇ ಪದೇ ನೋಡಿದ್ದೇನೆ. ಕೀಲುನೋವಿಗೆಂದು ಯಾರೋ ಕೊಟ್ಟ, ಹೆಸರಿಲ್ಲದ ಪೊಟ್ಟಣದ ಪುಡಿ. ತುರಿಕೆಗೆಂದು ಒಮ್ಮೆ ಬರೆದುಕೊಟ್ಟ ಕ್ರೀಮನ್ನು ಮುಖ ಹೊಳೆಯುತ್ತದೆ ಎಂದು ವರ್ಷಗಟ್ಟಲೆ ಹಚ್ಚಿದವರು. ನೀವು ಬೇರೆ ಔಷಧಿ ಇಲ್ಲ ಎಂದಿದ್ದೀರಿ. ಆದರೂ ಕೇಳುತ್ತೇನೆ, ಕ್ರೀಮು, ಇಂಜೆಕ್ಷನ್, ಇನ್‌ಹೇಲರ್, ಪುಡಿ? ಇವನ್ನು ಜನ ಔಷಧಿಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಇದ್ದರೆ ಒಂದು ಎಚ್ಚರಿಕೆ: ತಟ್ಟನೆ ನಿಲ್ಲಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ನಿಮ್ಮ ಗ್ರಂಥಿ ನಿದ್ದೆ ಹೋಗಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೆ ಅಪಾಯವಾಗಬಹುದು. ವೈದ್ಯರು ಮೆಲ್ಲಗೆ ಇಳಿಸುತ್ತಾರೆ.

ಅನುಮಾನ ಬಲವಾಗಿದ್ದರೆ ಮಾಡುವ ಪರೀಕ್ಷೆ ಮೂರು. ರಾತ್ರಿ ಮಲಗುವ ಹೊತ್ತಿನ ಜೊಲ್ಲಿನಲ್ಲಿ ಕಾರ್ಟಿಸಾಲ್ ನೋಡುವುದು. 24 ಗಂಟೆಯ ಮೂತ್ರ ಸಂಗ್ರಹಿಸಿ ನೋಡುವುದು. ಮೂರನೆಯದು ನನಗೆ ಇಷ್ಟವಾದ ಪರೀಕ್ಷೆ. ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿಸಿ, ಬೆಳಿಗ್ಗೆ 8ಕ್ಕೆ ರಕ್ತ ತೆಗೆಯುತ್ತೇವೆ. ಆರೋಗ್ಯವಂತ ಗ್ರಂಥಿಯಾದರೆ 'ಹೊರಗಿನಿಂದ ಬಂತಲ್ಲ, ನನಗೇನು ಕೆಲಸ' ಎಂದು ಸುಮ್ಮನಾಗುತ್ತದೆ. ಕಾರ್ಟಿಸಾಲ್ 1.8ಕ್ಕಿಂತ ಕೆಳಗಿಳಿಯುತ್ತದೆ. ಗಡ್ಡೆ ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದೂ ತಪ್ಪು ಉತ್ತರ ಕೊಡಬಹುದು. ಅವರಿಗೆ ಜೊಲ್ಲಿನ ಪರೀಕ್ಷೆಯೇ ವಾಸಿ. ನಿಮಗೆ ಈಗ ಇವು ಯಾವುದೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಲಕ್ಷಣ ಒಂದಾದರೂ ಕಂಡರೆ ಮಾತ್ರ ಬೇಕು.

'ಅಡ್ರಿನಲ್ ದಣಿದಿದೆ' ಎನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಟೆನ್ಷನ್‌ನಿಂದ ಗ್ರಂಥಿ ಸುಸ್ತಾಗಿ ಕೈಚೆಲ್ಲುತ್ತದೆ ಎಂಬ ಕಥೆ. ಆ ಬಗ್ಗೆ ನಡೆದ 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2016ರಲ್ಲಿ ಪರಿಶೀಲಿಸಿದವರಿಗೆ ಅಂಥದೊಂದು ಕಾಯಿಲೆ ಇದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ದಣಿಯುವುದು ನೀವು, ಗ್ರಂಥಿಯಲ್ಲ.

ಹೊಟ್ಟೆ ಮತ್ತು 3 ಗಂಟೆ

ಹಾಗಾದರೆ 6 ಕಿಲೋ ಎಲ್ಲಿಂದ ಬಂತು? ಇಲ್ಲಿ ಟೆನ್ಷನ್‌ಗೆ ಪಾಲಿದೆ, ನಾನು ಅಲ್ಲಗಳೆಯುವುದಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಕಾರ್ಟಿಸಾಲಿನ ಮಾತನ್ನು ಬೇರೆ ಕಡೆಯ ಕೊಬ್ಬಿಗಿಂತ ಚೆನ್ನಾಗಿ ಕೇಳುತ್ತದೆ. ಆದರೆ ದಿನನಿತ್ಯದ ಒತ್ತಡದಲ್ಲಿ ತೂಕ ಏರುವ ದಾರಿ ಬಹುಪಾಲು ಸುತ್ತುಬಳಸಿನದು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ. ಸಿಹಿ, ಕರಿದದ್ದರ ಕಡೆ ಕೈ ಹೋಗುತ್ತದೆ. ಅಮ್ಮನ ಹಾಸಿಗೆ ಪಕ್ಕ ಕೂತವರಿಗೆ ನಡಿಗೆ ನಿಂತುಹೋಗುತ್ತದೆ. ಜೊತೆಗೆ 41ರ ವಯಸ್ಸು. ಮುಟ್ಟಿನ ಏರುಪೇರು ಶುರುವಾಗುವ ಈ ಕಾಲದಲ್ಲಿ ಕೊಬ್ಬು ಸೊಂಟ ಬಿಟ್ಟು ಹೊಟ್ಟೆಗೆ ಜಾಗ ಬದಲಾಯಿಸುವುದು ಸಾಮಾನ್ಯ. ಥೈರಾಯ್ಡ್ ಮತ್ತು ಶುಗರ್ ಒಮ್ಮೆ ನೋಡಿಸಿ. ಕಾರ್ಟಿಸಾಲ್ ಪರೀಕ್ಷೆಗಿಂತ ಅವು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನಡುರಾತ್ರಿಯ ಎಚ್ಚರದ ಬಗ್ಗೆ ನನಗೆ ತುಂಬ ಪತ್ರಗಳು ಬರುತ್ತವೆ. ಎಲ್ಲರದೂ 3 ಗಂಟೆಯೇ! 'ಕಾರ್ಟಿಸಾಲ್ ನನ್ನನ್ನು ಎಬ್ಬಿಸುತ್ತಿದೆ' ಎನ್ನುತ್ತಾರೆ. ನಿದ್ದೆಯ ಮೊದಲ ಅರ್ಧ ಗಾಢ, ಎರಡನೇ ಅರ್ಧ ತೆಳು ಮತ್ತು ಕನಸಿನದು. ಆ ತೆಳು ಭಾಗದಲ್ಲಿ ಎಲ್ಲರಿಗೂ ಚೂರುಚೂರು ಎಚ್ಚರವಾಗುತ್ತದೆ, ಬೆಳಿಗ್ಗೆ ನೆನಪಿರುವುದಿಲ್ಲ. ಅದೇ ಹೊತ್ತಿಗೆ ಕಾರ್ಟಿಸಾಲ್ ಬೆಳಗಿನ ಏರು ಹತ್ತಲು ಶುರು ಮಾಡಿರುತ್ತದೆ. ಎಚ್ಚರವಾಗುವುದು ದೋಷವಲ್ಲ. ಎಚ್ಚರವಾದ ತಕ್ಷಣ ಗಡಿಯಾರ ನೋಡಿ, 'ಅಯ್ಯೋ ಇನ್ನು ಒಂದೂವರೆ ಗಂಟೆ ಅಷ್ಟೇ, 4.30ಕ್ಕೆ ಏಳಬೇಕು' ಎಂದು ಲೆಕ್ಕ ಹಾಕುತ್ತೀರಲ್ಲ, ಅಲ್ಲಿಂದ ತೊಂದರೆ. ನೀವು ಲೆಕ್ಕಪತ್ರದವರು ಬೇರೆ! ಗಡಿಯಾರವನ್ನು ಗೋಡೆ ಕಡೆ ತಿರುಗಿಸಿ, ಮೊಬೈಲನ್ನು ಕೈಗೆ ಸಿಗದಷ್ಟು ದೂರ ಇಡಿ. ಅಮ್ಮನಿಗಾಗಿ ರಿಂಗ್ ಬೇಕಿದ್ದರೆ ರಿಂಗ್ ಮಾತ್ರ ಇರಲಿ. ಇಪ್ಪತ್ತು ನಿಮಿಷ ಕಳೆದಿರಬಹುದು ಎನ್ನಿಸಿಯೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಬೇಸರದ ಕೆಲಸ ಏನಾದರೂ ಮಾಡಿ. ತೂಕಡಿಕೆ ಬಂದಾಗ ಮತ್ತೆ ಮಲಗಿ. ಇಷ್ಟಾದರೂ ತಿಂಗಳುಗಟ್ಟಲೆ ಮುಂದುವರಿದರೆ, ಗೊರಕೆ ಇದೆಯಾ, ಮೈ ಬಿಸಿಯಾಗಿ ಬೆವರಿ ಏಳುತ್ತೀರಾ, ಬೆಳಗಿನ ಹೊತ್ತು ಮನಸ್ಸು ತೀರಾ ಭಾರವಾಗಿರುತ್ತದಾ ಎಂದು ವೈದ್ಯರು ನೋಡಬೇಕು. ಉಸಿರುಗಟ್ಟುವ ಗೊರಕೆ, ಮುಟ್ಟು ನಿಲ್ಲುವ ಮೊದಲಿನ ದಿನಗಳು, ಖಿನ್ನತೆ, ಈ ಮೂರೂ ಹೀಗೆಯೇ ಎಬ್ಬಿಸುತ್ತವೆ. ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ ಇದೆ.

ಐದು ವಾರದ ಲೆಕ್ಕ

ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಆದರೆ ನೀವು ನಿದ್ದೆ ಕೊಟ್ಟು ವ್ಯಾಯಾಮ ತಂದುಕೊಂಡಿದ್ದೀರಿ. ಅದು ನಷ್ಟದ ವ್ಯಾಪಾರ. ಒಂದು ರಾತ್ರಿ ನಿದ್ದೆ ಕಡಿತವಾದರೆ ಮರುದಿನ ಸಂಜೆ ಕಾರ್ಟಿಸಾಲ್ ಇಳಿಯುವುದು ತಡವಾಗುತ್ತದೆ. 1997ರಲ್ಲಿ ಆರೋಗ್ಯವಂತ ಯುವಕರಲ್ಲಿ ಅಳೆದು ನೋಡಿದಾಗ, ನಿದ್ದೆಗೆಟ್ಟ ಮರುಸಂಜೆ ಅದು ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಏರಿತ್ತು. ಸಂಜೆ ಇಳಿಯದಿದ್ದರೆ ರಾತ್ರಿ ನಿದ್ದೆ ತೆಳುವಾಗುತ್ತದೆ. ಹೀಗೆ ಗಾಣದ ಎತ್ತಿನ ಸುತ್ತು.

ವ್ಯಾಯಾಮದ ವಿಷಯದಲ್ಲಿ ತೀವ್ರತೆ ಮುಖ್ಯ. 2008ರ ಒಂದು ಪ್ರಯೋಗದಲ್ಲಿ 30 ನಿಮಿಷ ಸೈಕಲ್ ತುಳಿಸಿದರು. ತಮ್ಮ ಗರಿಷ್ಠ ಶಕ್ತಿಯ ಶೇಕಡ 60 ಮತ್ತು 80ರಲ್ಲಿ ತುಳಿದಾಗ ಕಾರ್ಟಿಸಾಲ್ ಏರಿತು. ಶೇಕಡ 40ರಲ್ಲಿ ತುಳಿದಾಗ ಇಳಿಯಿತು. ಇದರಿಂದ ಜೋರು ವ್ಯಾಯಾಮ ಕೆಟ್ಟದ್ದು ಎಂದು ಅರ್ಥ ಮಾಡಿಕೊಳ್ಳಬೇಡಿ. ಆ ಏರಿಕೆ ತಾತ್ಕಾಲಿಕ. ಚೆನ್ನಾಗಿ ಉಂಡು ಮಲಗುವವರ ಮೈ ಅದರಿಂದ ಗಟ್ಟಿಯಾಗುತ್ತದೆ. ನಿಮ್ಮ ಸ್ಥಿತಿ ಬೇರೆ. ಈಗ ನಿಮಗೆ ಬೇಕಾದದ್ದು ಮಾತಾಡುತ್ತ ನಡೆಯಬಹುದಾದ ವೇಗದ ನಡಿಗೆ, ಅದೂ ಹಗಲು ಬೆಳಕಿನಲ್ಲಿ. ಮರಗಿಡ ಇರುವ ಕಡೆಯಾದರೆ ಇನ್ನೂ ಒಳ್ಳೆಯದು. ಹಸಿರಿನ ನಡುವೆ 20ರಿಂದ 30 ನಿಮಿಷ ಕಳೆದವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಚುರುಕಾಗಿ ಇಳಿದದ್ದನ್ನು 2019ರಲ್ಲಿ ಅಳೆದಿದ್ದಾರೆ. ಬೆಳಗಿನ ಬೆಳಕಿಗೆ ಇನ್ನೊಂದು ಲಾಭ ಇದೆ. ಮಿದುಳಿನ ಗಡಿಯಾರಕ್ಕೆ ಹಗಲು ಶುರುವಾಯಿತು ಎಂದು ಹೇಳುವುದು ಅದೇ. ಬೆಳಿಗ್ಗೆ ಚೆನ್ನಾಗಿ ಏರಿದ್ದು ರಾತ್ರಿ ಚೆನ್ನಾಗಿ ಇಳಿಯುತ್ತದೆ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮವನ್ನು ನಿದ್ದೆ ಸರಿಹೋದ ಮೇಲೆ ಸೇರಿಸಿಕೊಳ್ಳಿ. ಬೆಳಿಗ್ಗೆ 4.30 ಮಾತ್ರ ಬೇಡ.

ರಾತ್ರಿ ಊಟ ಬಿಟ್ಟದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಉಪವಾಸವೂ ಮೈಗೆ ಒಂದು ಒತ್ತಡವೇ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂರು ವಾರ ದಿನಕ್ಕೆ 1200 ಕ್ಯಾಲೊರಿಗೆ ಇಳಿಸಿಕೊಂಡ ಮಹಿಳೆಯರ ಕಾರ್ಟಿಸಾಲ್ ಏರಿತ್ತು. ತೂಕ ಇಳಿಸಬಾರದು ಎನ್ನುತ್ತಿಲ್ಲ. ಕಣ್ಣೀರು ಬರಿಸುವ ಪಥ್ಯ ಮಾಡಬೇಡಿ, ಅಷ್ಟೇ. ರಾತ್ರಿ ಬೇಗ, ಹಗುರವಾಗಿ ಊಟ ಮಾಡಿ.

ನಿಧಾನ ಉಸಿರಾಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮಿಷಕ್ಕೆ ಆರು ಸಲದಂತೆ, ಬಿಡುವ ಉಸಿರು ತೆಗೆದುಕೊಳ್ಳುವುದಕ್ಕಿಂತ ಉದ್ದವಾಗಿರುವ ಹಾಗೆ, ಐದು ನಿಮಿಷ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುವುದು ಮೈಯ ಸಹಜ ವ್ಯವಸ್ಥೆ. ಆ ವ್ಯವಸ್ಥೆಯನ್ನೇ ಇಲ್ಲಿ ಬಳಸಿಕೊಳ್ಳುತ್ತೇವೆ. ಅಡ್ರಿನಲಿನ್ ಕಡೆಯ ತಳಮಳ ಬೇಗ ತಣಿಯುತ್ತದೆ. ಕಾರ್ಟಿಸಾಲ್ ನಿಧಾನಿ ಎಂದೆನಲ್ಲ, ಐದು ನಿಮಿಷಕ್ಕೆ ಅದು ಇಳಿಯಿತಾ ಎಂದು ಹುಡುಕಬೇಡಿ. ಕೈಗಡಿಯಾರದಲ್ಲಿ ಬರುವ 'ಸ್ಟ್ರೆಸ್' ಅಂಕಿಯನ್ನೂ ನಂಬಿ ಕೂರಬೇಡಿ. ಅದು ಅಳೆಯುವುದು ಎದೆಬಡಿತದ ಏರಿಳಿತವನ್ನು, ಕಾರ್ಟಿಸಾಲನ್ನಲ್ಲ.

ಎಲ್ಲರ ಮುಂದೆ ಲೆಕ್ಕ

ಇಡೀ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಸಾಲು: 'ಯಾವ ಹೊತ್ತಿಗೆ ಬೇಕಾದರೂ ಮೀಟಿಂಗ್ ಕರೆದು ಎಲ್ಲರ ಮುಂದೆ ಲೆಕ್ಕ ಕೇಳುತ್ತಾರೆ.'

ಪ್ರಯೋಗಾಲಯದಲ್ಲಿ ಜನರ ಕಾರ್ಟಿಸಾಲ್ ಏರಿಸಬೇಕೆಂದರೆ ವಿಜ್ಞಾನಿಗಳು ಏನು ಮಾಡುತ್ತಾರೆ ಗೊತ್ತಾ? ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಮುಖದಲ್ಲಿ ಯಾವ ಭಾವವನ್ನೂ ತೋರಿಸದ ಕೆಲವರ ಮುಂದೆ ನಿಲ್ಲಿಸಿ ಭಾಷಣ ಮಾಡಿಸುವುದು. ಆಮೇಲೆ ಅವರ ಮುಂದೆಯೇ ಬಾಯಿಲೆಕ್ಕ, ದೊಡ್ಡ ಸಂಖ್ಯೆಯಿಂದ 13 ಕಳೆಯುತ್ತಾ ಹೋಗುವುದು. ತಪ್ಪಿದರೆ ಮೊದಲಿನಿಂದ. ಅದು ಇವತ್ತಿಗೂ ಕಾರ್ಟಿಸಾಲ್ ಏರಿಸುವ ನೆಚ್ಚಿನ ಉಪಾಯ. ನಿಮ್ಮ ಆಫೀಸಿನವರು ಅದನ್ನು ಸಂಬಳ ಕೊಟ್ಟು ಮಾಡಿಸುತ್ತಿದ್ದಾರೆ. 2004ರಲ್ಲಿ 208 ಇಂಥ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಎರಡು ಸಂಗತಿ ಎದ್ದು ಕಂಡವು. ನನ್ನನ್ನು ನಾಲ್ಕು ಜನ ತೂಗಿ ನೋಡುತ್ತಿದ್ದಾರೆ ಎನ್ನುವುದು ಒಂದು. ಏನು ಮಾಡಿದರೂ ಇದು ನನ್ನ ಕೈಯಲ್ಲಿಲ್ಲ ಎನ್ನುವುದು ಇನ್ನೊಂದು. ಇವೆರಡೂ ಸೇರಿದಾಗ ಕಾರ್ಟಿಸಾಲ್ ಜಾಸ್ತಿ ಏರುತ್ತದೆ, ಇಳಿಯುವುದೂ ತಡ. ಬರೀ ಕೆಲಸ ಹೆಚ್ಚಿದ್ದರೆ ಅಷ್ಟು ಏರುವುದಿಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1967ರಿಂದ ಹಿಂಬಾಲಿಸಿದ ಅಧ್ಯಯನದಲ್ಲೂ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ದೊಡ್ಡ ಅಧಿಕಾರಿಗಳಲ್ಲ, ಕೆಳಗಿನ ದರ್ಜೆಯವರು. ಅವರಿಗೆ ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದದ್ದೂ ಕಾರಣಗಳಲ್ಲಿ ಒಂದು ಎಂದು ಆಮೇಲಿನ ಸಂಶೋಧನೆ ತೋರಿಸಿತು.

ಮೇಲಧಿಕಾರಿಯನ್ನು ಬದಲಾಯಿಸುವ ಮಾತ್ರೆ ನನ್ನ ಹತ್ತಿರ ಇಲ್ಲ. ಕೆಲಸ ಬಿಡಿ ಎಂದು ಹೇಳುವುದೂ ಸುಲಭ, ಬಿಡುವುದು ಕಷ್ಟ. ಆದರೆ ಒಂದು ಸಣ್ಣ ಹಿಡಿತ ಸಿಕ್ಕರೂ ಮೈಗೆ ಅದು ಗೊತ್ತಾಗುತ್ತದೆ. 'ಲೆಕ್ಕ ಕೇಳುವುದಾದರೆ ದಿನಾ ಇಂತಿಷ್ಟು ಗಂಟೆಗೆ ಕೇಳಿ, ನಾನೇ ಅದಕ್ಕೆ ಮೊದಲು ಬರೆದು ಕಳಿಸುತ್ತೇನೆ' ಎಂದು ಕೇಳಿ ನೋಡಿ. ಯಾವಾಗ ಬರುತ್ತದೋ ಎಂದು ಇಡೀ ದಿನ ಕಾಯುವುದಕ್ಕಿಂತ 4 ಗಂಟೆಗೆ ಬರುತ್ತದೆ ಎಂದು ಗೊತ್ತಿರುವುದು ಎಷ್ಟೋ ಮೇಲು. ಕೇಳಿದರೆ ಕೋಪಿಸಿಕೊಳ್ಳಬಹುದು, ಆ ಅಪಾಯ ಇದೆ. ಅವರ ಸ್ವಭಾವ ನಿಮಗೇ ಗೊತ್ತು.

ಅಮ್ಮನ ವಿಷಯ ಇನ್ನೂ ಸೂಕ್ಷ್ಮ. ಅವರ ಕಾಯಿಲೆ ನಿಮ್ಮ ಕೈಯಲ್ಲಿಲ್ಲ. ವಾರದಲ್ಲಿ ನಿಗದಿತವಾಗಿ ಎರಡು ಸಂಜೆ ಬೇರೆ ಯಾರಾದರೂ ಅವರ ಪಕ್ಕ ಕೂರುವ ಏರ್ಪಾಡು ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿರಬಹುದು. 'ಸಾಧ್ಯವಾದಾಗ ಬರ್ತೀನಿ' ಎನ್ನುವವರ ನೆರವಿಗಿಂತ 'ಮಂಗಳವಾರ 6ಕ್ಕೆ ಬರ್ತೀನಿ' ಎನ್ನುವವರ ನೆರವು ನಿಮಗೆ ಬೇಕು. ನನ್ನ ಬಳಿ ಬರುವ, ಮನೆಯವರನ್ನು ನೋಡಿಕೊಳ್ಳುವ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಹೀಗೆ ಕೇಳಿಯೇ ಇರುವುದಿಲ್ಲ.

ಇನ್ನೊಂದು ಮಾತು. ಒತ್ತಡ ವರ್ಷಗಟ್ಟಲೆ ಮುಂದುವರಿದವರಲ್ಲಿ ಕಾರ್ಟಿಸಾಲ್ ಯಾವಾಗಲೂ ಜಾಸ್ತಿಯೇ ಇರುತ್ತದೆ ಎಂದೇನಿಲ್ಲ. ಅಂಥ ಹಲವರಲ್ಲಿ ಬೆಳಗಿನ ಏರು ತಗ್ಗುತ್ತದೆ, ರಾತ್ರಿಯ ಇಳಿಜಾರು ಮೊಂಡಾಗುತ್ತದೆ. ಗುಡ್ಡ ಹೋಗಿ ಬಯಲಾದ ಹಾಗೆ. ಸಂಖ್ಯೆ ಇಳಿಸುವುದೇ ಗುರಿ ಎಂದುಕೊಂಡವರು ಇಲ್ಲಿ ದಾರಿ ತಪ್ಪುತ್ತಾರೆ. ನನಗೆ ನಿಮ್ಮ ಬೆಳಗಿನ ಗುಡ್ಡ ಬೇಕು, ರಾತ್ರಿಯ ಕಣಿವೆಯೂ ಬೇಕು.

ಕ್ಯಾಪ್ಸೂಲ್ ಮತ್ತು ಕಾಫಿ

ಅಶ್ವಗಂಧದ ಬಗ್ಗೆ ನೇರವಾಗಿ ಹೇಳುತ್ತೇನೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಎಂಟು ವಾರ ತೆಗೆದುಕೊಂಡವರ ಬೆಳಗಿನ ಕಾರ್ಟಿಸಾಲ್ ಇಳಿದಿದೆ, ಆತಂಕ ಕಡಿಮೆಯಾಯಿತು ಎಂದು ಅವರು ಹೇಳಿದ್ದಾರೆ. ಸುಳ್ಳಲ್ಲ. ಆದರೆ ನಾರ್ಮಲ್ ಇರುವುದನ್ನು ಇನ್ನಷ್ಟು ಇಳಿಸಿ ನಿಮಗೆ ಸಿಗುವುದೇನು? ಅಪಾಯದ ಕಡೆ ನೋಡಿದರೆ, ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದದ್ದು ದಾಖಲಾಗಿದೆ. ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಬಸಿರಿನಲ್ಲಿ ಬೇಡವೇ ಬೇಡ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಐದು ವಾರ ತೆಗೆದುಕೊಂಡೂ ಸುಸ್ತು ಜಾಸ್ತಿಯಾಗಿರುವ ನೀವು ಅದನ್ನು ನಿಲ್ಲಿಸಿ, ಥೈರಾಯ್ಡ್ ಪರೀಕ್ಷೆಯ ಜೊತೆಗೆ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕಾಯಬೇಡಿ. 'ಕಾರ್ಟಿಸಾಲ್ ಬ್ಲಾಕರ್' ಎಂಬ ಹೆಸರಿನ ಬೇರೆ ಡಬ್ಬಗಳಿಗೂ ದುಡ್ಡು ಹಾಕಬೇಡಿ. ಕಾರ್ಟಿಸಾಲ್ ತಡೆಯುವ ನಿಜವಾದ ಔಷಧಿಗಳು ಕುಶಿಂಗ್ ರೋಗಿಗಳಿಗೆ ಇವೆ. ಅವನ್ನು ಕೊಡುವಾಗ ನಾವೇ ಕೈ ನಡುಗಿಸುತ್ತ, ಪದೇ ಪದೇ ರಕ್ತ ಪರೀಕ್ಷೆ ಮಾಡಿಸುತ್ತ ಕೊಡುತ್ತೇವೆ.

ಮುಟ್ಟಿನ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. 41ರ ವಯಸ್ಸಿನಲ್ಲಿ ಅದನ್ನು ಮುಂದುವರಿಸಬೇಕಾ, ಬಿಪಿ ಎಷ್ಟಿದೆ ಎನ್ನುವುದನ್ನು ಅದನ್ನು ಬರೆದುಕೊಟ್ಟ ವೈದ್ಯರ ಹತ್ತಿರ ಮಾತಾಡಿ.

ಕಾಫಿ. ಕೆಫೀನ್ ಕಾರ್ಟಿಸಾಲನ್ನು ಏರಿಸುತ್ತದೆ, ಹೌದು. ಆದರೆ ದಿನಾ ಕುಡಿಯುವವರ ಮೈ ಬಹುಮಟ್ಟಿಗೆ ಒಗ್ಗಿಹೋಗಿರುತ್ತದೆ, ಏರಿಕೆ ಸಣ್ಣದು. ನನಗೆ ಚಿಂತೆ ಇರುವುದು ಹೊತ್ತಿನ ಬಗ್ಗೆ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗುವುದಕ್ಕೆ ಸಾಮಾನ್ಯವಾಗಿ 5 ಗಂಟೆ ಬೇಕು. ನಿಮ್ಮ ಮಾತ್ರೆಯಲ್ಲಿ ಈಸ್ಟ್ರೋಜೆನ್ ಇದ್ದರೆ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಮಧ್ಯಾಹ್ನದ ಊಟದ ಮೇಲೆ ಬೇಡ. ಬೆಳಗಿನ ಒಂದು ಲೋಟ ಕಾಫಿಯನ್ನು ನಾಳೆಯಿಂದಲೇ ಮತ್ತೆ ಶುರು ಮಾಡಿ.